ನೀರು ತಿರುಗಿದ ಕಲ್ಲು

ಹೊಸದಾಗಿ ಇಲಾಖೆಗೆ ಸೇರಿದ ಹುಡುಗರು, ಈಗ ಹುಡುಗಿಯರೂ, ಮಧುಗಿರಿಯ ನಮ್ಮ ಮನೆಗೆ ಆಗಾಗ ಬರುತ್ತಾರೆ. ಕಾಫಿ ಮುಗಿಯುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸರ್, ನೀವು ಒಟ್ಟು ಎಷ್ಟು ಬ್ರಿಡ್ಜ್ ಕಟ್ಟಿದೀರಿ?" ಒಂದೂ ಕಟ್ಟಿಲ್ಲ ಎನ್ನುತ್ತೇನೆ. ಕಟ್ಟಿದವರು ಮೇಸ್ತ್ರಿಗಳು, ಗಾರೆಯವರು, ಕಲ್ಲು ಹೊತ್ತವರು. ನಾನು ಪಕ್ಕದಲ್ಲಿ ನಿಂತು ನೋಡಿದೆ, ಅಳೆದೆ, ಬರೆದೆ, ಮೇಲಿನವರಿಂದ ಬೈಸಿಕೊಂಡೆ. ಜೂನಿಯರ್ ಎಂಜಿನಿಯರ್ ಕೆಲಸವೆಂದರೆ ಇಷ್ಟೇ. ಇದನ್ನು ಕೇಳಿ ಅವರ ಮುಖ ಸಣ್ಣಗಾಗುತ್ತದೆ. ಆದರೂ ಬಂದಿದ್ದಾರಲ್ಲ ಎಂದು ನಾನು ಕಟ್ಟಿದ್ದರ ಬದಲು ಕೆಡಿಸಿದ್ದರ ಕಥೆ ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಈಗ ಬರೆದಿಡುತ್ತಿದ್ದೇನೆ.

ನನ್ನ ಮೊದಲ ಕೆಲಸ ಕೊರಟಗೆರೆ ಕಡೆ. ಜಯಮಂಗಲಿ ನದಿಗೆ ಸೇರುವ ಒಂದು ಹಳ್ಳಕ್ಕೆ ಸಣ್ಣ ಸೇತುವೆ. ಡಿಪ್ಲೊಮಾದ ಬಿಸಿ ಇನ್ನೂ ಆರಿರಲಿಲ್ಲ. ಸೇತುವೆ ಎಷ್ಟು ಎತ್ತರ ಇರಬೇಕು ಎನ್ನುವುದಕ್ಕೆ ಆ ಹಳ್ಳದಲ್ಲಿ ಹಿಂದೆ ಬಂದ ದೊಡ್ಡ ಪ್ರವಾಹ ಎಲ್ಲಿಯವರೆಗೆ ಏರಿತ್ತು ಅಂತ ತಿಳಿಯಬೇಕು. ಊರಿನವರನ್ನು ವಿಚಾರಿಸಿ ಬರೆದುಕೊ ಎಂದು ಮೇಲಿನವರು ಕಳಿಸಿದರು. ನಾನು ಪುಸ್ತಕ ಹಿಡಿದು ಮನೆಮನೆ ತಿರುಗಿದೆ. ಒಬ್ಬ ಮೊಣಕಾಲು ತೋರಿಸಿದ, ಒಬ್ಬ ಕುತ್ತಿಗೆ ತೋರಿಸಿದ. ಹಳ್ಳದ ದಡದಲ್ಲಿ ಹೊಲ ಇದ್ದವನು, ಸೇತುವೆ ರಸ್ತೆ ತನ್ನ ಹೊಲಕ್ಕೆ ಬೀಳದಿರಲಿ ಎಂದು ನೀರೇ ಬಂದಿಲ್ಲ ಎಂದ. ಸಂಜೆ ಹೊತ್ತಿಗೆ ಪುಸ್ತಕದಲ್ಲಿ ಹನ್ನೊಂದು ಉತ್ತರ ಇದ್ದವು.

ನಮ್ಮ ಗ್ಯಾಂಗಿನ ಹಳೆಯ ಆಳು ಹನುಮಂತಣ್ಣ ನನ್ನ ಪಾಡು ನೋಡಿ ನಕ್ಕು, ಹಳ್ಳದ ಮೇಲ್ಗಡೆ ಒಂದು ಹುಣಸೇಮರದ ಕೆಳಗೆ ಕರೆದುಕೊಂಡು ಹೋದ. ಅಲ್ಲೊಂದು ಮೊಣಕಾಲೆತ್ತರದ ಒರಟು ಕಲ್ಲು, ಅದರ ಮೇಲೆ ಅರಿಶಿನ ಕುಂಕುಮ. ನಮ್ಮ ಸೀಮೆಯಲ್ಲಿ ಹೊಳೆ ಉಕ್ಕಿ ಬಂದಾಗ ಹಿರಿಯರು ನೀರಿನ ಅಂಚಿಗೆ ಹೋಗಿ ಬಳೆ, ಅರಿಶಿನ ಕುಂಕುಮ ಇಟ್ಟು, ಬಂದಷ್ಟು ಸಾಕು ತಾಯಿ, ತಿರುಗು ಎಂದು ಗಂಗಮ್ಮನನ್ನು ಬೇಡುತ್ತಿದ್ದರು. ನೀರು ತಿರುಗಿದ ಜಾಗದಲ್ಲಿ ಆಮೇಲೆ ಒಂದು ಕಲ್ಲು ನೆಟ್ಟು ವರ್ಷಕ್ಕೊಮ್ಮೆ ಪೂಜೆ ಮಾಡುತ್ತಿದ್ದರು. ಅದು ಗಂಗಮ್ಮನ ಕಲ್ಲು. ಹನುಮಂತಣ್ಣ ಹೇಳಿದ್ದು ಇಷ್ಟು: "ಮನುಷ್ಯನ್ನ ಕೇಳ್ಬೇಡಿ ಸ್ವಾಮಿ, ಕಲ್ಲು ಕೇಳಿ. ಮನುಷ್ಯ ಸುಳ್ಳು ಹೇಳ್ತಾನೆ, ಕಲ್ಲು ಹೇಳಾಕಿಲ್ಲ."

ಆಫೀಸಿನಲ್ಲಿ ಕೂತು ಮಳೆಯ ಲೆಕ್ಕ, ಹಳ್ಳಕ್ಕೆ ನೀರು ಹರಿದು ಬರುವ ನೆಲದ ಲೆಕ್ಕ ಹಾಕಿ ನೋಡಿದರೆ ಉತ್ತರ ಆ ಕಲ್ಲಿನ ಬುಡಕ್ಕೇ ಬಂದು ನಿಂತಿತು. ಅವತ್ತಿನಿಂದ ಹನುಮಂತಣ್ಣನ ಮಾತು ನನಗೆ ವೇದವಾಯಿತು. ಮುಂದೆ ಎಲ್ಲಿ ಸರ್ವೆಗೆ ಹೋದರೂ ಮೊದಲು ಕೇಳುತ್ತಿದ್ದದ್ದು, ನಿಮ್ಮೂರಲ್ಲಿ ಗಂಗಮ್ಮನ ಕಲ್ಲು ಎಲ್ಲಿದೆ ಎಂದು. ಅದು ಒಳ್ಳೆಯ ಪಾಠವೇ. ನಾನು ಅದನ್ನು ಅರ್ಧ ಮಾತ್ರ ಕಲಿತಿದ್ದೆ ಎನ್ನುವುದು ಪಾವಗಡಕ್ಕೆ ಹೋಗುವವರೆಗೆ ಗೊತ್ತಾಗಲಿಲ್ಲ.

ಅದಕ್ಕೆ ಮುಂಚೆ ಸಿರಾದ ಒಂದು ಸಂಗತಿ ಹೇಳಬೇಕು. ಬರಗೂರು ರಸ್ತೆಯ ಒಂದು ಕೆಲಸದಲ್ಲಿ ಬಾಷಾ ಸಾಬ್ ಎಂಬ ಮೇಸ್ತ್ರಿ ಇದ್ದ. ಕಬ್ಬಿಣ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಾಂಕ್ರೀಟಿನ ಬಲ ಪರೀಕ್ಷೆಗೆ ಅದೇ ಮಾಲಿನಿಂದ ಸಣ್ಣ ಚೌಕದ ಗಟ್ಟಿ ಮಾಡಿ, ಕೆಲವು ವಾರ ನೀರಲ್ಲಿ ನೆನೆಸಿ, ಒಡೆಸಿ ನೋಡುವುದು ಪದ್ಧತಿ. ನಮ್ಮ ಗಟ್ಟಿಗಳೆಲ್ಲ ಫಸ್ಟ್ ಕ್ಲಾಸ್ ಪಾಸಾಗುತ್ತಿದ್ದವು. ನಾನು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಬಾಷಾ ಸಾಬ್ ಬೀಡಿ ಆರಿಸಿ ಮೆಲ್ಲಗೆ ಹೇಳಿದ, "ಸಾಬ್, ಗಟ್ಟಿ ತೊಟ್ಟೀಲಿ ಮಜಾ ಮಾಡ್ತಾ ಐತೆ. ಬ್ರಿಡ್ಜು ಬಿಸಿಲಲ್ಲಿ ಸಾಯ್ತಾ ಐತೆ. ಜರಾ ಹತ್ತಿ ನೋಡಿ." ಹತ್ತಿ ನೋಡಿದೆ. ಗುತ್ತಿಗೆದಾರ ಗಟ್ಟಿಗಳನ್ನು ತೊಟ್ಟಿಯಲ್ಲಿ ಮಗುವಿನ ಹಾಗೆ ನೋಡಿಕೊಂಡು, ಸೇತುವೆಯ ಮೇಲೆ ಒಂದು ಗೋಣಿಚೀಲವನ್ನೂ ಹಾಸಿರಲಿಲ್ಲ, ಒಂದು ಕೊಡ ನೀರನ್ನೂ ಸುರಿದಿರಲಿಲ್ಲ. ಸಿರಾದ ಬಿಸಿಲಿಗೆ ಕಾಂಕ್ರೀಟ್ ಬಿರುಕು ಬಿಟ್ಟಿತ್ತು.

ಆಗ ನಮಗೆ ಮೇಲಿದ್ದ ಎಂಜಿನಿಯರ್ ಸಾಹೇಬರು ಮಾತು ಕಡಿಮೆಯವರು. ಬಂದು ಕಾಂಕ್ರೀಟಿನ ಮೇಲೆ ಅಂಗೈ ಇಟ್ಟು ನೋಡಿದರು. ಒಡೆದು ಮತ್ತೆ ಹಾಕಿಸು ಎಂದರು. ಜೀಪು ಹತ್ತುವಾಗ ನನ್ನ ಕಡೆ ತಿರುಗಿ, ಸೈಟಿನಲ್ಲಿ ಮೊದಲು ಮಾತಾಡಿಸಬೇಕಾದ್ದು ಕಂಟ್ರಾಕ್ಟರನ್ನಲ್ಲ, ನೀರು ಹಾಕುವವರನ್ನು ಎಂದರು. ಅದನ್ನು ನಾನು ಮರೆಯಲಿಲ್ಲ. ಪಾವಗಡದಲ್ಲಿ ನನ್ನ ಮಾನ ಉಳಿಸಿದ್ದು ಅದೇ ಅಭ್ಯಾಸ.

ಪಾವಗಡ ತಾಲ್ಲೂಕಿನ ನಾಗಲಮಡಿಕೆಯಿಂದ ಆಚೆಗೆ ಉತ್ತರ ಪಿನಾಕಿನಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ನಕ್ಷೆಯ ಮಾತು. ನಾನು ಹೋದಾಗ ಅಲ್ಲಿದ್ದದ್ದು ಅಗಲವಾದ ಮರಳು, ಅದರಲ್ಲಿ ಜಾಲಿ. ಈ ದಡದ ಹಳ್ಳಿ ನಮ್ಮದು, ಆ ದಡದ ಹಳ್ಳಿ ಆಂಧ್ರದ್ದು. ನಮ್ಮ ಹಳ್ಳಿಯವರು ಎದುರು ಕಾಣುವ ಊರನ್ನು "ಆಚೆ ದೇಶ" ಎನ್ನುತ್ತಿದ್ದರು. ಅಲ್ಲಿನ ಕೋಳಿ ಕೂಗಿದರೆ ಇಲ್ಲಿ ಏಳುತ್ತಿದ್ದರು, ಆದರೂ ಅದು ಬೇರೆ ದೇಶವೇ. ಕರೆಂಟು ಬೇರೆ, ರೇಷನ್ ಕಾರ್ಡು ಬೇರೆ. ಮಾತು ಮಾತ್ರ ಎರಡೂ ಕಡೆ ಅರ್ಧ ತೆಲುಗು, ಅರ್ಧ ಕನ್ನಡ.

ಸೇತುವೆ ನಮ್ಮ ಇಲಾಖೆಯದು, ಆ ದಡದಲ್ಲಿ ಕಟ್ಟಲು ಅವರ ಒಪ್ಪಿಗೆ ಪತ್ರ ಬಂದಿತ್ತು. ಸರ್ವೆಗೆ ನಾನು. ಊರ ಯಜಮಾನ ತಿಮ್ಮಪ್ಪನನ್ನು ಕಂಡು ಗಂಗಮ್ಮನ ಕಲ್ಲು ಎಲ್ಲಿ ಎಂದೆ. ನಮ್ಮ ದಡದ ಹೊಂಗೆ ಮರದ ಬುಡಕ್ಕೆ ಕರೆದುಕೊಂಡು ಹೋದ. ಕಪ್ಪು ಕಲ್ಲು, ಮೇಲೆ ಹೆಡೆಯಂಥ ಗೀಟು, ಎಣ್ಣೆ ಕುಡಿದು ಕುಡಿದು ಮಿರುಗುತ್ತಿತ್ತು. "ನಮ್ ತಾತನ ಕಾಲ್ದಿಂದ ಇಲ್ಲೇ ಐತೆ ಸಾರ್," ಎಂದ. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಇಷ್ಟು ಜನ ಒಂದೇ ಮಾತು ಹೇಳಿದಾಗ ನನಗೆ ಅನುಮಾನ ಬರಬೇಕಿತ್ತು. ಕೊರಟಗೆರೆಯಲ್ಲಿ ಹನ್ನೊಂದು ಉತ್ತರ ಕೊಟ್ಟ ಮನುಷ್ಯಜಾತಿಯೇ ಅಲ್ಲವೇ ಇವರೂ? ಅನುಮಾನ ಬರಲಿಲ್ಲ.

ಆ ದಡದ ಅಳತೆಗೂ ಹೋದೆ. ಅಲ್ಲಿ ಬೇವಿನ ಮರದ ಕೆಳಗೆ ಒಂದು ಖಾಲಿ ಕಟ್ಟೆ ಇತ್ತು. ಚಪ್ಪಟೆ ಜಾಗ, ನೆರಳು ಬೇರೆ. ನೆಲದ ಮಟ್ಟ ನೋಡುವ ಡಂಪಿ ಲೆವೆಲ್‌ನ ಮುಕ್ಕಾಲಿಯನ್ನು ಅದರ ಮೇಲೇ ಊರಿದೆ. ಎಲ್ಲಿಂದಲೋ ಒಬ್ಬ ಮುದುಕಿ ಕೋಲು ಆಡಿಸುತ್ತ ಬಂದು, ಚಪ್ಪಲಿ ಕಾಲಿಟ್ಟು ಅದರ ಮೇಲೆ ನಿಲ್ಲುತ್ತೀಯಾ, ಇಳಿ ಕೆಳಗೆ ಎಂದು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಳು. ಬರೀ ಕಟ್ಟೆಗೆ ಇಷ್ಟು ಬೈಗುಳವೇ, ಗಡಿ ಜನ ಒರಟು ಎಂದುಕೊಂಡು ಮುಕ್ಕಾಲಿ ಎತ್ತಿ ಬೇರೆ ಕಡೆ ಇಟ್ಟೆ. ಯಾಕೆ ಎಂದು ಕೇಳಲಿಲ್ಲ. ಆ ದಡದಲ್ಲಿ ಅಳತೆ ಕೋಲು ಹಿಡಿಸಿದೆನೇ ಹೊರತು ಬಾಯಿ ತೆಗೆದು ಒಬ್ಬರನ್ನೂ ಒಂದು ಮಾತು ಕೇಳಲಿಲ್ಲ. ವಿಚಾರಣೆ ಎಂದರೆ ನಮ್ಮ ತಾಲ್ಲೂಕಿನ ಜನರದ್ದು ಎಂದು ನನ್ನ ತಲೆಯಲ್ಲಿ ಕೂತಿತ್ತು.

ಇನ್ನೊಂದು ತಪ್ಪೂ ಮಾಡಿದೆ, ಅದನ್ನು ಹೇಳಲು ಇವತ್ತಿಗೂ ನಾಚಿಕೆ. ಮಳೆ ಲೆಕ್ಕ ಹಾಕಿದಾಗ ನೀರಿನ ಮಟ್ಟ ಹೊಂಗೆ ಮರದ ಕಲ್ಲಿಗಿಂತ ಮೇಲೆ ಬಂತು. ಕಲ್ಲು ಸುಳ್ಳು ಹೇಳುವುದಿಲ್ಲವಲ್ಲ! ಹಾಗಾಗಿ ಲೆಕ್ಕವೇ ತಪ್ಪಿರಬೇಕೆಂದು ಅಲ್ಲೊಂದು ಅಂಕಿ ಇಲ್ಲೊಂದು ಅಂಕಿ ಸವರಿ, ಲೆಕ್ಕವನ್ನು ಕಲ್ಲಿಗೆ ಒಗ್ಗಿಸಿದೆ. ಫೈಲು ಮೇಲೆ ಹೋಯಿತು, ಮಂಜೂರಾಯಿತು.

ಕೆಲಸ ಶುರುವಾಗಿ ಅಡಿಪಾಯ ಮುಗಿದು, ಹೊಳೆಯ ನಡುವಿನ ಕಂಬಗಳು ಮೇಲೆದ್ದವು. ಕಂಬಗಳಿಗೆ ಗೋಣಿ ಸುತ್ತಿ ದಿನಕ್ಕೆ ನಾಲ್ಕು ಸಲ ನೀರು ಹಾಕಲು ಊರಿನದೇ ಒಬ್ಬ ಹೆಂಗಸು ಇದ್ದಳು. ನಲವತ್ತೈದು ದಾಟಿದ ವಯಸ್ಸು, ಗಟ್ಟಿ ಆಳು. ಹೆಸರನ್ನು ಈಗಲೇ ಹೇಳುವುದಿಲ್ಲ, ಅದಕ್ಕೆ ಕಾರಣ ಇದೆ. ಸಾಹೇಬರ ಮಾತಿನಂತೆ ಸೈಟಿಗೆ ಹೋದ ಕೂಡಲೇ ಅವಳನ್ನು ಮಾತಾಡಿಸುತ್ತಿದ್ದೆ. ಅವಳ ತವರು ಎದುರಿನ ದಡದ ಊರು. ಅವಳ ಕಾಲಕ್ಕೆ ಎರಡೂ ಊರ ನಡುವೆ ಹೆಣ್ಣು ಕೊಟ್ಟು ತರುವುದು ಇತ್ತಂತೆ, ಆಮೇಲೆ ಯಾಕೋ ನಿಂತಿತಂತೆ. ಮಳೆಗಾಲದಲ್ಲಿ ಹೊಳೆಯಲ್ಲಿ ಸ್ವಲ್ಪ ನೀರು ಬಂದರೂ ತವರಿಗೆ ಪಾವಗಡ ಸುತ್ತಿಕೊಂಡು ಎರಡು ಬಸ್ಸು ಹಿಡಿದು ಹೋಗಬೇಕು. ಬ್ರಿಡ್ಜ್ ಆದರೆ ಮಳೆಗಾಲದಲ್ಲೂ ದಿನಾ ಸಂಜೆ ಅಮ್ಮನ ಕೈಯ ಊಟ ಎನ್ನುತ್ತಿದ್ದಳು.

ಒಂದು ದಿನ ಮೇಸ್ತ್ರಿ ಸೇತುವೆಯ ಹಾಸು ಎಷ್ಟೆತ್ತರಕ್ಕೆ ಬರುತ್ತದೆಂದು ತೋರಿಸಲು ದಡದಿಂದ ದಡಕ್ಕೆ ಕೆಂಪು ದಾರ ಕಟ್ಟಿದ. ಅವತ್ತಿನಿಂದ ಅವಳು ಮಾತು ಕಡಿಮೆ ಮಾಡಿದಳು. ನೀರು ಹಾಕುತ್ತಾ ದಾರ ನೋಡುವಳು, ಆಚೆ ದಡ ನೋಡುವಳು. ವಾರ ಕಳೆದ ಮೇಲೆ ಕೊಡ ಕೆಳಗಿಟ್ಟು ಬಂದಳು.

"ಸಾರ್, ನಾನೇನೂ ಹೇಳಾಕಿಲ್ಲ. ನಮ್ಮಮ್ಮನ ಮನೆತಾವ ಬಂದು ಒಂದ್ ಲೋಟ ಮಜ್ಜಿಗೆ ಕುಡ್ದು ಹೋಗಿ. ಅಷ್ಟೇ."

ಮರಳು ದಾಟಿ ಹೋದೆವು. ಅವಳ ತಾಯಿ ಯಾರೆಂದರೆ ನನಗೆ ಬೈದಿದ್ದ ಅದೇ ಮುದುಕಿ. ನನ್ನನ್ನು ಗುರುತಿಸಿ ಇನ್ನೊಂದು ಸುತ್ತು ಬೈದು, ಆಮೇಲೆ ಮಜ್ಜಿಗೆ ಕೊಟ್ಟಳು. ಬೇವಿನ ಮರದ ಖಾಲಿ ಕಟ್ಟೆಯ ನಡುವೆ, ಬರೀ ಮಣ್ಣಿನ ಮೇಲೆ, ಅವತ್ತಿನ ಅರಿಶಿನ ಕುಂಕುಮ ಇತ್ತು. ಇಲ್ಲಿ ಏನಿತ್ತಜ್ಜಿ ಎಂದು ಕೇಳಿದೆ. ಸರ್ವೆ ದಿನ ಕೇಳಬೇಕಿದ್ದ ಪ್ರಶ್ನೆ. ಮುದುಕಿ ಎದುರು ದಡದ ಹೊಂಗೆ ಮರದ ಕಡೆ ಕೋಲು ಚಾಚಿ, "ರಾಯಿ ಎತ್ತುಕುಪೋಯಿನಾರು. ಜಾಗಾ ಎತ್ತುಕುಪೋಲೇದು ಗದಾ?" ಎಂದಳು. ಕಲ್ಲನ್ನು ಹೊತ್ತುಕೊಂಡು ಹೋದರು, ಜಾಗ ಹೊತ್ತುಕೊಂಡು ಹೋಗಲಿಲ್ಲವಲ್ಲ ಎಂದು.

ವಿಷಯ ಹೀಗಿತ್ತು. ಗಂಗಮ್ಮನ ಕಲ್ಲು ಎರಡೂ ಊರಿಗೆ ಒಂದೇ, ಇದ್ದದ್ದು ಆ ಕಟ್ಟೆಯ ಮೇಲೆ. ಪೂಜೆಗೆ ಎರಡೂ ಊರು ಸೇರುತ್ತಿದ್ದವು. ಒಂದು ವರ್ಷ ಆ ದಡದವರು ನಮ್ಮ ಹಳ್ಳಿಯವರಿಗೆ ಕಾಯದೆ ಮೊದಲೇ ಪೂಜೆ ಮುಗಿಸಿದರು. ಅವಮಾನವಾಯಿತೆಂದು ನಮ್ಮವರು ಬೆಳಗಿನ ಜಾವ ಎತ್ತಿನ ಗಾಡಿ ಹೂಡಿಕೊಂಡು ಹೋಗಿ, ಕಲ್ಲು ಕಿತ್ತು ತಂದು, ಗಾಡಿ ನಿಂತ ಕಡೆ ಹೊಂಗೆ ಮರದ ಕೆಳಗೆ ನೆಟ್ಟರು. ಅಲ್ಲಿಗೆ ಹೆಣ್ಣು ಕೊಟ್ಟು ತರುವುದು ನಿಂತಿತು. ನಮ್ಮ ಹಳ್ಳಿಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕದ್ದ ದೇವರಲ್ಲವೇ, ತಾತನ ಕಾಲದ್ದು ಎನ್ನದೆ ಇನ್ನೇನು ಹೇಳಿಯಾರು!

ಕಟ್ಟೆಯ ಮೇಲೆ ನಿಂತು ಹೊಳೆ ಕಡೆ ನೋಡಿದೆ. ಮೇಸ್ತ್ರಿಯ ಕೆಂಪು ದಾರ ನನ್ನ ಪಾದಕ್ಕಿಂತ ಕೆಳಗೆ ಕಾಣುತ್ತಿತ್ತು. ನೀರು ತಿರುಗಿದ ಜಾಗಕ್ಕಿಂತ ಕೆಳಗೆ ನಾನು ಸೇತುವೆ ಕಟ್ಟಿಸುತ್ತಿದ್ದೆ.

ವಾಪಸು ಬರುವಾಗ ನಡು ಮರಳಿನಲ್ಲಿ ಅವಳು ನಿಂತಳು. "ಆ ಗಾಡಿ ನಮ್ಮಾವಂದು ಸಾರ್. ನಾನು ಹೊಸಾ ಸೊಸೆ, ಕಲ್ಲಿಳಿಸಿದ್ದ ಕಣ್ಣಾರೆ ಕಂಡೆ. ಕಂಡಿದ್ದ ನುಂಗ್ಕೊ ಅಂದ್ರು ನಮ್ಮತ್ತೆ. ನಾನು ತೋರ್ಸಿದ್ದು ಅಂತ ಗೊತ್ತಾದ್ರೆ ಆ ಮನೇಲಿ ನಂಗೆ ಜಾಗ ಇರಾಕಿಲ್ಲ. ಮಾವ ಹೋದ್ರು, ಅತ್ತೆ ಅವ್ರೆ."

ನಿನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಒಂದು ವಾರ ಏನೂ ಮಾಡದೆ ಒದ್ದಾಡಿದೆ. ಹಳ್ಳಿಯವರು ಸುಳ್ಳು ಹೇಳಿದರು ಎಂದು ಬರೆದರೆ ನಾನು ಬಚಾವು, ಆದರೆ ನಿನಗೆ ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅದು ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಸುಮ್ಮನಿದ್ದರೆ? ಅಷ್ಟು ಎತ್ತರಕ್ಕೆ ಮೂವತ್ತು ವರ್ಷದಿಂದ ಬಾರದ ನೀರು ನಾನು ರಿಟೈರ್ ಆಗುವುದರೊಳಗೆ ಬರುತ್ತದೆಯೇ ಎಂದು ಕೂಡ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಎರಡು ದಿನ ಅದೇ ಯೋಚನೆ ಇತ್ತು. ಕೊನೆಗೆ, ಎದುರು ದಡದಲ್ಲಿ ವಿಚಾರಣೆ ಮಾಡದಿದ್ದದ್ದು ನನ್ನ ತಪ್ಪು, ಲೆಕ್ಕ ತಿದ್ದಿದ್ದೂ ನನ್ನ ತಪ್ಪು ಎಂದು ಒಂದು ಹಾಳೆ ಬರೆದು ಸಾಹೇಬರ ಮುಂದಿಟ್ಟೆ. ಸಿರಾದ ಅದೇ ಸಾಹೇಬರು, ಆಗ ಮಧುಗಿರಿಯಲ್ಲಿದ್ದರು.

ಓದಿ, ಯಾರು ಹೇಳಿದರು ಎಂದರು. ನಾನೇ ನೋಡಿದೆ ಎಂದೆ. ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಆಮೇಲೆ, "ಹೆಸರು ಬೇಡ, ಲೆವೆಲ್ ತೋರಿಸು," ಎಂದರು. ಮರುದಿನ ಇಬ್ಬರೂ ಹೋಗಿ ಎರಡೂ ಕಡೆ ಅಳೆದೆವು. ಕಟ್ಟೆ ಹೊಂಗೆ ಮರದ ಕಲ್ಲಿಗಿಂತ ಒಂದಾಳು ಎತ್ತರಕ್ಕಿತ್ತು. ಹನುಮಂತಣ್ಣನ ಪಾಠ ಹೇಳಿದೆ. ಅದಕ್ಕೆ ಅವರು ಹೇಳಿದ್ದು: "ಕಲ್ಲು ಸುಳ್ಳು ಹೇಳಲ್ಲ ಸರಿ. ಕಲ್ಲಿಗೆ ಕಾಲು ಬರಲ್ಲ ಅಂತ ನಿನಗೆ ಯಾರು ಹೇಳಿದ್ದು?"

ಕೆಲಸ ನಿಲ್ಲಿಸಿದರು. ನನಗೆ ಮೆಮೊ ಬಂತು. ಕಂಬಗಳನ್ನು ಎತ್ತರಿಸಲು ಹೊಸ ನಕ್ಷೆ, ಹೊಸ ಮಂಜೂರಾತಿ, ಆ ರಾಜ್ಯದ ಹೊಸ ಒಪ್ಪಿಗೆ, ಹೀಗೆ ವರ್ಷದ ಮೇಲಾಯಿತು. ತಲೆ ಇಲ್ಲದ ಕಂಬಗಳನ್ನು ನೋಡಿ ನಮ್ಮ ಹಳ್ಳಿಯವರು ನನಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ತಿಮ್ಮಪ್ಪ ಎದುರಿಗೇ ಹೇಳಿದ, ಈ ಪುಣ್ಯಾತ್ಮನ ಕೈಲಿ ಒಂದು ಮೋರಿನೂ ಆಗಾಕಿಲ್ಲ ಎಂದು. ಆ ಹೆಂಗಸು ಅಲ್ಲೇ ನಿಂತು ಕೇಳಿಸಿಕೊಂಡಳು. ನಾನು ಅವಳ ಕಡೆ ನೋಡಲಿಲ್ಲ, ಅವಳು ನನ್ನ ಕಡೆ ನೋಡಲಿಲ್ಲ.

ಆ ಮಧ್ಯೆ ಹೊಳೆ ಬಂತು. ಮೇಲಿನ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದು, ಮಕ್ಕಳು ಹುಟ್ಟಿದಾಗಿನಿಂದ ಮರಳು, ಮಳೆಗಾಲದ ಸಣ್ಣ ನೀರು ಬಿಟ್ಟು ಬೇರೆ ನೋಡಿರದ ಊರಿನ ಮುಂದೆ ಕೆಂಪು ನೀರು ದಡ ತುಂಬಿ ಹರಿಯಿತು. ಸುದ್ದಿ ತಿಳಿದು ಜೀಪಿನಲ್ಲಿ ಹೋದೆ. ಹೊಂಗೆ ಮರದ ಕಲ್ಲು ಕಾಣಲೇ ಇಲ್ಲ, ಮರದ ಕೊಂಬೆಗೆ ನೀರು ತಾಗುತ್ತಿತ್ತು. ಆ ಕಡೆ ನೀರು ಬೇವಿನ ಕಟ್ಟೆಯ ಅಂಚಿಗೆ ಹೋಗಿ ನಿಂತಿತ್ತು.

ಅವಳು ದಡದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿದ್ದಳು. ಅದರಲ್ಲಿ ಬನ್ನು, ಮಾತ್ರೆ. ಅವಳ ತಾಯಿಗೆ ನಾಲ್ಕು ದಿನದಿಂದ ಜ್ವರ. ಪಾವಗಡದ ಕಡೆಯ ದಾರಿಯೂ ಹಳ್ಳ ಬಂದು ಕಟ್ಟಿಹೋಗಿತ್ತು. ಅವತ್ತು ಮಧ್ಯಾಹ್ನವೇ ಫೋನ್ ಬಂತು, ಮುದುಕಿ ಹೋದಳೆಂದು. ಮಾರನೆಯ ದಿನ ಎದುರು ದಡದಲ್ಲಿ ಚಟ್ಟ ಹೊರಟಿದ್ದು ಇಲ್ಲಿಂದ ಕಾಣಿಸಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ನೋಡಿದಳು. ಆ ದಡದವರು ಅವಳನ್ನು ಕಂಡು ಹೆಣವನ್ನು ನೀರಿನ ಅಂಚಿನವರೆಗೆ ತಂದು, ಮುಖ ಈ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದು ನಿಂತರು.

ತಗ್ಗಿನ ಸೇತುವೆ ಮುಗಿದಿದ್ದರೆ ಅವತ್ತು ಅದರ ಮೇಲೆ ಯಾರಾದರೂ ಇರುತ್ತಿದ್ದರು, ಸುಮ್ಮನೆ ಕೊರಗಬೇಡ ಎಂದು ಸಾಹೇಬರು ಆಮೇಲೆ ಸಮಾಧಾನ ಹೇಳಿದರು. ನಿಜವೇ. ಆದರೆ ಸರ್ವೆ ದಿನ ಆ ಮುದುಕಿ ಬೈದಾಗ "ಯಾಕಜ್ಜಿ" ಎಂಬ ಒಂದೇ ಮಾತು ನಾನು ಕೇಳಿದ್ದರೆ, ಅವತ್ತಿಗೆ ಅಲ್ಲಿ ಎತ್ತರದ ಸೇತುವೆಯೇ ನಿಂತಿರುತ್ತಿತ್ತು, ಮಗಳು ನಡೆದುಕೊಂಡು ಹೋಗುತ್ತಿದ್ದಳು. ಇದೂ ನಿಜ. ಇದನ್ನು ನಾನು ಯಾವ ಮೆಮೊಗೂ ಉತ್ತರವಾಗಿ ಬರೆಯಲಿಲ್ಲ. ಅವತ್ತು ಅವಳ ಪಕ್ಕದಲ್ಲಿ ನಿಂತು ಅತ್ತುಬಿಟ್ಟೆ. ಅವಳು ಕೇಳಿದ್ದು ಇಷ್ಟೇ: "ನೀರು ಕಟ್ಟೆತಾವ ಬಂತಾ ಸಾರ್?"

"ಬಂತಮ್ಮ."

ಆಮೇಲೆ ಕೆಲಸ ಬೇಗ ಸಾಗಿತು. ಪ್ರವಾಹ ಕಂಡ ಮೇಲೆ ಯಾವ ಮೇಜಿನ ಮೇಲೂ ಫೈಲು ಕೂರಲಿಲ್ಲ. ನಮ್ಮ ಹಳ್ಳಿಯವರಿಗೆ ಮಾತ್ರ ಬೇರೆ ಚಿಂತೆ. ಗಂಗಮ್ಮನನ್ನೇ ಗಂಗೆ ಮುಳುಗಿಸಿದಳೆಂದರೆ ಇದು ಸಿಟ್ಟೇ ಸರಿ, ಕಿತ್ತು ತಂದ ಪಾಪ ಎಂದು ಹಳೆಯ ಮಾತು ತಾನಾಗಿ ಎದ್ದಿತು. ಸೇತುವೆ ಉದ್ಘಾಟನೆಗೆ ಎರಡು ದಿನ ಮುಂಚೆ ತಿಮ್ಮಪ್ಪನೇ ಟ್ರಾಕ್ಟರ್ ತರಿಸಿ, ಕಲ್ಲಿಗೆ ಹೊಸ ಸೀರೆ ಉಡಿಸಿ, ಆಚೆ ದಡಕ್ಕೆ ಸಾಗಿಸಿದ. ಉದ್ಘಾಟನೆ ಆಗದೆ ಸೇತುವೆಯ ಮೇಲೆ ಯಾರನ್ನೂ ಬಿಡುವ ಹಾಗಿಲ್ಲ. ನಾನು ಆ ಬೆಳಿಗ್ಗೆ ಸಿಮೆಂಟ್ ಶೆಡ್ಡಿನ ಕಡೆ ಮುಖ ಮಾಡಿ ನಿಂತಿದ್ದೆ, ಏನೂ ಕಾಣಲಿಲ್ಲ. ಎದುರಿನವರು ತಮಟೆ ಹಿಡಿದು ಕಟ್ಟೆಯ ಬಳಿ ಕಾಯುತ್ತಿದ್ದರಂತೆ.

ಈಗಿನವರ ಬಳಿ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇದೆ, ಡ್ರೋನ್ ಇದೆ. ನಾವು ವಾರಗಟ್ಟಲೆ ಬೆವರು ಸುರಿಸಿ ಮಾಡಿದ ಅಳತೆಯನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಯಂತ್ರಕ್ಕೆ ಕಲ್ಲು ಈಗ ಎಲ್ಲಿದೆ ಅನ್ನುವುದು ಮಾತ್ರ ಕಾಣುತ್ತದೆ. ಮೊದಲು ಎಲ್ಲಿತ್ತು ಅನ್ನುವುದನ್ನು ಇಳಿದು ಹೋಗಿ ಕೇಳಬೇಕು, ಅದೂ ಎರಡೂ ದಡದಲ್ಲಿ, ಬೈದವರನ್ನು ಮೊದಲು.

ನಿವೃತ್ತಿಯಾದ ಮೇಲೆ ಒಮ್ಮೆ ಆ ಕಡೆ ಹೋಗಿದ್ದೆ. ಸೇತುವೆಯ ತಲೆಯಲ್ಲಿ ಅಮೃತಶಿಲೆಯ ಫಲಕ ಇದೆ. ಅವಳು ಎಮ್ಮೆ ಹೊಡೆದುಕೊಂಡು ಆ ದಡದಿಂದ ಬರುತ್ತಿದ್ದಳು, ನನ್ನನ್ನು ಕಂಡು ನಿಂತಳು. ಓದು ಬಾರದು, ಫಲಕದಲ್ಲಿ ಯಾರ ಹೆಸರಿದೆ ಎಂದು ಕೇಳಿದಳು. ಓದಿ ಹೇಳಿದೆ. ನಿಮ್ಮದು ಇಲ್ವಾ ಎಂದಳು. ಇಲ್ಲ ಎಂದೆ. ಇಬ್ಬರೂ ನಕ್ಕೆವು. ಎಮ್ಮೆ ಮುಂದೆ ಹೋಗುತ್ತಿತ್ತು, ಅವಳಿಗೆ ಅವಸರ.

"ಅವತ್ತು ಕಾಗದದಲ್ಲಿ ನನ್ನೆಸ್ರು ಬರೀಲಿಲ್ಲ ಅಲ್ವಾ ಸಾರ್?"

ಇಲ್ಲವೆಂದೆ, ಮಾತು ಕೊಟ್ಟಿದ್ದೆನಲ್ಲ ಎಂದೆ.

"ಹೋದೊರ್ಸ ನಮ್ಮತ್ತೆ ಹೋದ್ರು. ಈಗ ಬರ್ಕಳಿ."

ಅಂದು ಬರೆಯಲು ನನ್ನ ಕೈಯಲ್ಲಿ ಯಾವ ಫೈಲೂ ಇರಲಿಲ್ಲ. ಈಗ ಬರೆಯುತ್ತಿದ್ದೇನೆ. ಆ ಸೇತುವೆಯ ಎತ್ತರ ಸರಿಮಾಡಿದವರು ನರಸಮ್ಮ. ಅಲ್ಲಿ ಕಂಬಗಳಿಗೆ ನೀರು ಹಾಕುತ್ತಿದ್ದರು.